ನಡೆಯುತ್ತಾ ತಿಂದರೆ ದಂಡವಾ? ಇಲ್ಲ

ಜಪಾನಿನಲ್ಲಿ ನಡೆಯುತ್ತಾ ತಿಂದರೆ ಪೊಲೀಸರು ದಂಡ ಹಾಕುತ್ತಾರೆ, ಅದಕ್ಕೇ ಫುಡ್ ಟೂರ್ ಗೈಡ್‌ಗಳು ನಮ್ಮನ್ನು ಅಂಗಡಿ ಮುಂದೆಯೇ ನಿಲ್ಲಿಸಿ ತಿನ್ನಿಸುತ್ತಾರೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ನಿಲ್ಲಿಸುವುದು ನಿಜ, ದಂಡದ ಮಾತು ಸುಳ್ಳು. ದೇಶಕ್ಕೆಲ್ಲ ಅಂಥ ಕಾನೂನೇ ಇಲ್ಲ. ಕಾಮಾಕುರಾ ಊರಿನವರು 2019ರಲ್ಲಿ ಒಂದು ನಿಯಮ ತಂದರು, ಅದರಲ್ಲೂ ದಂಡ ಇಲ್ಲ, ಬರೀ ವಿನಂತಿ. ಕ್ಯೋಟೋದ ನಿಶಿಕಿ ಮಾರ್ಕೆಟ್‌ನಲ್ಲೂ ಹೀಗೇ ಕೇಳಿಕೊಳ್ಳುತ್ತಾರೆ, ಯಾಕಂದ್ರೆ ಓಣಿ ತುಂಬಾ ಕಿರಿದು, ಜನ ಜಾಸ್ತಿ. ಅಲ್ಲಿ ಕಡ್ಡಿಗೆ ಚುಚ್ಚಿದ ಪುಟ್ಟ ಆಕ್ಟೋಪಸ್ ಸಿಗುತ್ತದೆ, ಕೆಂಪಗೆ, ಅಂಟಂಟಾಗಿ, ತಲೆಯೊಳಗೆ ಕ್ವೇಲ್ ಅನ್ನೋ ಪುಟ್ಟ ಹಕ್ಕಿಯ ಮೊಟ್ಟೆ. ಅದನ್ನು ಹಿಡಿದು ಗುಂಪಿನಲ್ಲಿ ನುಗ್ಗಿದರೆ ಪಕ್ಕದವರ ಬಟ್ಟೆ ಹಾಳಾಗಲ್ವಾ? ಕೊಂಡಲ್ಲೇ ನಿಂತು ತಿನ್ನಿ, ಕಡ್ಡಿಯನ್ನು ಆ ಅಂಗಡಿಯವರಿಗೇ ಕೊಡಿ. ಬೀದಿಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ.