ಬ್ರೋಕರ್ ಮಾಲೆ ಹಾಕಿದರೆ ಮನೆ ಮಾರುವವರು ಯಾರು?

ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಮಾರಾಟಕ್ಕೆ ಇಟ್ಟಿದ್ದೆವು. ಕೊಳ್ಳುವವರು ಸಿಕ್ಕಿದ್ದರು. ಎರಡೂ ಕಡೆಯ ವಕೀಲರು ಒಪ್ಪಂದ ನೋಡುವುದಕ್ಕೆ ಇಲ್ಲಿ ಸಿಗುವ 3 ಕೆಲಸದ ದಿನಗಳೂ ಮುಗಿದಿದ್ದವು. ಇನ್ನೇನು ಕೊಳ್ಳುವವರು ಮನೆಯ ತಪಾಸಣೆ ಮಾಡಿಸುವ ಇನ್‌ಸ್ಪೆಕ್ಷನ್ ಆಗಬೇಕು, ಅಷ್ಟರಲ್ಲಿ ಏಜೆಂಟ್‌ಗೆ ಕಳಿಸಿದ ಇಮೇಲ್‌ಗೆ ತಾನಾಗಿಯೇ ಒಂದು ಉತ್ತರ ಬಂತು. ರಜೆಯಲ್ಲಿದ್ದೇನೆ, ಹಡಗಿನಲ್ಲಿರುತ್ತೇನೆ, ಫೋನ್‌ಗೆ ಸಿಗುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಮನೆ ಬೆಲೆಯ ಮೇಲೆ ಪರ್ಸೆಂಟ್ ಲೆಕ್ಕ ಹಾಕಿ ಕಮಿಷನ್ ತೆಗೆದುಕೊಳ್ಳುವ ಮನುಷ್ಯ, ಕೆಲಸ ಇರುವ ವಾರದಲ್ಲೇ ಹಡಗು ಹತ್ತುವುದಾ? ಅದೂ ಒಂದು ಮಾತು ಹೇಳದೆ?

ಉತ್ತರದ ಕೊನೆಯಲ್ಲಿ ಅದೇ ಕಂಪನಿಯ ಇನ್ನೊಬ್ಬ ಹೆಂಗಸಿನ ಹೆಸರು, ನಂಬರ್ ಇತ್ತು. ನಾನು ಬೈಗುಳ ಜೋಡಿಸಿಕೊಳ್ಳುತ್ತಿದ್ದಾಗ ಆಕೆಯೇ ಫೋನ್ ಮಾಡಿದರು. ಇನ್‌ಸ್ಪೆಕ್ಷನ್ ಯಾವತ್ತು, ಅದಾದ ಮೇಲೆ ಕೊಳ್ಳುವವರು ಕಳಿಸುವ ರಿಪೇರಿ ಪಟ್ಟಿಗೆ ನಾವು ಯಾವ ತಾರೀಖಿನೊಳಗೆ ಉತ್ತರ ಕೊಡಬೇಕು, ದುಡ್ಡು ಕೊಟ್ಟು ಮನೆ ಕೈ ಬದಲಾಗುವ ಕ್ಲೋಸಿಂಗ್ ಯಾವತ್ತು, ಎಲ್ಲ ಗೊತ್ತಿತ್ತು. ಮಾರನೇ ದಿನ ಕೊಳ್ಳುವವರ ಕಡೆಯಿಂದ ಪ್ರಶ್ನೆ ಬಂತು, ಹಿತ್ತಲಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಹಳೇ ಟ್ಯಾಂಕ್ ಹೂತಿದೆಯಾ ಅಂತ. ಈ ಕಡೆಯ ಹಳೇ ಮನೆಗಳಿಗೆಲ್ಲ ಅದೇ ಭಯ, ಎಣ್ಣೆ ಸೋರಿ ಮಣ್ಣು ಕೆಟ್ಟಿದ್ದರೆ ಶುದ್ಧ ಮಾಡಿಸುವ ಖರ್ಚಿಗೆ ಕೊನೆಯಿಲ್ಲ. ಟ್ಯಾಂಕ್ ತೆಗೆಸಿದ್ದಕ್ಕೆ ಟೌನ್‌ಶಿಪ್ ಕೊಟ್ಟ ಕಾಗದ ನನ್ನ ಯಾವ ಡ್ರಾಯರ್‌ನಲ್ಲಿದೆ ಅಂತ ನಾನು ಹುಡುಕುವುದರೊಳಗೆ ಆಕೆ ಫೈಲ್‌ನಿಂದ ಅದರ ಪ್ರತಿ ತೆಗೆದು ಕಳಿಸಿಯಾಗಿತ್ತು.

ಆಮೇಲೆ ಒಪ್ಪಂದ ತೆಗೆದು ಓದಿದೆ. ನಾವು ಸಹಿ ಹಾಕಿದ್ದು ಆ ಏಜೆಂಟ್ ಜೊತೆಗಲ್ಲ, ಅವನ ಬ್ರೋಕರೇಜ್ ಕಂಪನಿ ಜೊತೆಗೆ. ಅಮೆರಿಕದಲ್ಲಿ ಏಜೆಂಟ್ ಲೈಸೆನ್ಸ್ ಇರುವವನು ಒಬ್ಬ ಬ್ರೋಕರ್ ಕೈಕೆಳಗೇ ಕೆಲಸ ಮಾಡಬೇಕು. ಅವನು ರಜೆ ಹಾಕಲಿ, ಕಾಯಿಲೆ ಬೀಳಲಿ, ಕೆಲಸವನ್ನೇ ಬಿಡಲಿ, ನಮ್ಮ ಮನೆ ಆ ಕಂಪನಿಯ ಹೊಣೆ. ಬದಲಿಗೆ ಬಂದವರಿಗೆ ನಾವು ಬೇರೆ ದುಡ್ಡು ಕೊಡಬೇಕಾಗಿಲ್ಲ. ಅವರವರೇ ಹಂಚಿಕೊಳ್ಳುತ್ತಾರೆ. ಬದಲಿಯವರೂ ಸಿಗದಿದ್ದರೆ ಮೇಲಿನ ಬ್ರೋಕರ್‌ಗೆ ನೇರವಾಗಿ ಫೋನ್ ಮಾಡುವ ಹಕ್ಕು ನಮಗಿದೆ.

ಇದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯೂ ಮಾರಾಟಕ್ಕಿತ್ತು. ಕುವೆಂಪುನಗರದ ಮನೆ, ಒಳ್ಳೆಯ ಪಾರ್ಟಿ. ಧನುರ್ಮಾಸ ಹುಟ್ಟುವ ಮೊದಲು ಅಗ್ರಿಮೆಂಟ್ ಆಗಬೇಕು ಅಂತ ಎರಡೂ ಕಡೆಯವರಿಗೂ ಆತುರ. ಆಗಲೇ ನಮ್ಮ ಬ್ರೋಕರ್ ಶಬರಿಮಲೆಗೆ ಹೊರಟರು. ಮಾಲೆ ಹಾಕಿದ್ದು ಊರಿಗೆಲ್ಲ ಗೊತ್ತು. ಆದರೆ ಹೊರಡುವ ದಿನ ನಮಗೆ ಗೊತ್ತಾಗಿದ್ದು ಅವರ ಫೋನ್ ಸ್ವಿಚ್ ಆಫ್ ಆದ ಮೇಲೆ.

ಬೀಗದ ಕೈ ಅವರ ಹತ್ತಿರ. ಖಾತೆ, ಮನೆ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಇಸಿ, ಕಂದಾಯದ ರಸೀದಿಗಳ ಜೆರಾಕ್ಸ್ ಕಟ್ಟು ಅವರ ಬ್ಯಾಗ್‌ನಲ್ಲಿ. ಕೊಳ್ಳುವವರ ನಂಬರ್ ನಮ್ಮ ಹತ್ತಿರ ಇಲ್ಲ, ನಮ್ಮ ನಂಬರ್ ಅವರ ಹತ್ತಿರ ಇಲ್ಲ. ಎರಡೂ ಪಾರ್ಟಿ ನೇರವಾಗಿ ಮಾತಾಡಿಕೊಂಡರೆ ಕಮಿಷನ್‌ಗೆ ಕತ್ತರಿ ಬೀಳುತ್ತದೆ ಅನ್ನುವ ಭಯಕ್ಕೆ ನಮ್ಮ ಬ್ರೋಕರ್‌ಗಳು ಇಬ್ಬರನ್ನೂ ದೂರ ಇಡುತ್ತಾರೆ, ಅಲ್ವಾ? ಕೊಳ್ಳುವವರ ಬ್ಯಾಂಕಿನವರು ಕಾಗದ ಕೇಳುತ್ತಿದ್ದರಂತೆ. ಕೇಳಿದ್ದು ನಮ್ಮವರೆಗೆ ಬರಲೇ ಇಲ್ಲ. ಭಾವ ಬ್ರೋಕರ್ ಮನೆಗೇ ಹೋಗಿ ಬಂದರು. "ಸ್ವಾಮಿ ಹೋಗಿದಾರೆ, ಬಂದ ಮೇಲೆ ಬನ್ನಿ" ಅಂದರಂತೆ. ನಾನು ಇಲ್ಲಿಂದ ಕೂಗಾಡಿದರೆ ಅಮ್ಮನಿಂದ ನನಗೇ ಬೈಗುಳ: "ದೇವರ ಕೆಲಸಕ್ಕೆ ಹೋದವರಿಗೆ ಹಿಂಗೆಲ್ಲ ಫೋನ್ ಮಾಡ್ತಾರೇನೋ?"

ನನಗೆ ಸಿಟ್ಟು ಬರುವುದು ಇಲ್ಲೇ. ಮನುಷ್ಯ ಊರು ಬಿಟ್ಟು ಹೋಗಬಾರದು ಅಂತ ಯಾರೂ ಹೇಳುತ್ತಿಲ್ಲ. ಹಡಗಿಗಾದರೂ ಹೋಗಲಿ, ಬೆಟ್ಟಕ್ಕಾದರೂ ಹೋಗಲಿ. ಆದರೆ ವ್ಯವಹಾರ ಪೂರ್ತಿ ಒಬ್ಬನ ತಲೆಯೊಳಗೆ, ಒಬ್ಬನ ಜೇಬಿನೊಳಗೆ ಇದ್ದರೆ ಅವನು ಹೋದಾಗ ಮನೆಯೂ ಜೊತೆಗೇ ಹೋದ ಹಾಗೆ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ನಿಯಮ ಹಾಕುವ 2016ರ ರೇರಾ ಕಾಯ್ದೆ ಬಂದ ಮೇಲೆ, ನೋಂದಣಿಯಾದ ಹೊಸ ಪ್ರಾಜೆಕ್ಟ್‌ಗಳನ್ನು ಮಾರುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕು. ಹಳೇ ಮನೆ ಕೈ ಬದಲಿಸುವ ಬಡಾವಣೆಯ ಬ್ರೋಕರ್‌ಗೆ ಅದರ ಗೊಡವೆಯೇ ಇಲ್ಲ. ಅವರ ಜೊತೆ ನಮ್ಮಲ್ಲಿ ಕಾಗದದ ಮೇಲೆ ಏನಾದರೂ ಇರುತ್ತದಾ? "ನಮ್ಮೋರೇ ಬಿಡಿ" ಅನ್ನುವುದೇ ಒಪ್ಪಂದ.

ಅಮೆರಿಕದಲ್ಲಿ ಕೊಳ್ಳುವವರಿಗೂ ಈಗ ಕಾಗದ ಬಂದಿದೆ. 2024ರ ಆಗಸ್ಟ್‌ನಿಂದ ಮನೆ ತೋರಿಸುವ ಮೊದಲೇ ಏಜೆಂಟರು ಬರಹದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನೀವಿಲ್ಲದಾಗ ಯಾರು, ಅವರಿಗೆ ಆಫರ್ ಬರೆಯುವ ಅಧಿಕಾರ ಇದೆಯಾ ಅಂತ ಕೇಳುವುದಕ್ಕೆ ಅದೇ ಸರಿಯಾದ ಹೊತ್ತು. ಗಡುವುಗಳನ್ನು ಮಾತ್ರ ನಾವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಏಜೆಂಟ್ ರಜೆಯಲ್ಲಿದ್ದಾನೆ ಅಂತ ಯಾವ ಗಡುವೂ ಕಾಯುವುದಿಲ್ಲ. ಮುಂದಕ್ಕೆ ಹಾಕಬೇಕೆಂದರೆ ಎರಡೂ ಕಡೆಯವರ ಸಹಿ ಬೇಕು. ಊರಲ್ಲಾದರೆ ಒಂದು ಬೀಗದ ಕೈ ಮನೆಯವರ ಹತ್ತಿರ, ಕಾಗದಗಳ ಒಂದು ಕಟ್ಟು ಫೋನ್‌ನಲ್ಲಿ, ಕೊಳ್ಳುವವರ ನಂಬರ್ ಮೊದಲ ದಿನವೇ ಕೈಯಲ್ಲಿ. ಬ್ರೋಕರ್ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಕಮಿಷನ್ ಇಷ್ಟು ಅಂತ ಬರೆದುಕೊಟ್ಟರಾಯಿತು. ದೂರದಲ್ಲಿದ್ದೇವೆ ಅಂತ ಪವರ್ ಆಫ್ ಅಟಾರ್ನಿಯನ್ನು ಬ್ರೋಕರ್ ಹೆಸರಿಗೆ ಮಾತ್ರ ಬೇಡ. ಮನೆಯವರ ಹೆಸರಿಗೆ ಇರಲಿ, ಇದೊಂದೇ ಕೆಲಸಕ್ಕೆ ಅಂತ ಬರೆದಿರಲಿ.

ಒಪ್ಪಿಕೊಳ್ಳುವುದಕ್ಕೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಆ ಬದಲಿ ಹೆಂಗಸು ಇನ್‌ಸ್ಪೆಕ್ಷನ್ ಪಟ್ಟಿ ಬಂದಾಗ ಚೌಕಾಸಿಯನ್ನೇ ಮಾಡಲಿಲ್ಲ. ಕೊಳ್ಳುವವರು ಹಳೇ ವಾಟರ್ ಹೀಟರ್‌ಗೆ ಕೇಳಿದ ದುಡ್ಡನ್ನು ಪೂರ್ತಿ ಕೊಟ್ಟುಬಿಡಿ, ಗಲಾಟೆ ಬೇಡ ಅಂದರು. ನಾವು ಎಲ್ಲಿವರೆಗೆ ಬಗ್ಗುತ್ತೇವೆ, ಎಲ್ಲಿ ಬಗ್ಗುವುದಿಲ್ಲ ಅನ್ನುವುದು ಹಡಗಿನಲ್ಲಿದ್ದವನಿಗೆ ಗೊತ್ತಿತ್ತು. ಫೈಲ್‌ನಲ್ಲಿ ಅದು ಇರಲಿಲ್ಲ. ಕೊಂಡವರ ಮುಖವನ್ನೂ ನಾವು ಕೊನೆಯವರೆಗೆ ನೋಡಲಿಲ್ಲ.

ಮೈಸೂರಿನ ಬ್ರೋಕರ್ ಬೆಟ್ಟ ಇಳಿದವರೇ ಸೀದಾ ನಮ್ಮ ಮನೆಗೆ ಬಂದರು, ಪ್ರಸಾದದ ಜೊತೆ. ಬ್ಯಾಂಕ್ ಕೇಳಿದ ಕಾಗದಗಳನ್ನು ಓಡಾಡಿ ಹೊಂದಿಸಿದರು. ಇಸಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ತಪ್ಪಿದ್ದನ್ನು ಕಂಡುಹಿಡಿದಿದ್ದೂ ಅವರೇ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ವರ್ ಕೈಕೊಟ್ಟಾಗ ಅಮ್ಮನಿಗೆ ಕುರ್ಚಿ ಹಾಕಿಸಿ, ಸಂಜೆಯವರೆಗೆ ಜೊತೆಗೆ ಕೂತಿದ್ದರಂತೆ. ಅಗ್ರಿಮೆಂಟ್ ಮಾತ್ರ ಧನುರ್ಮಾಸ ದಾಟಿ ಸಂಕ್ರಾಂತಿ ಆದ ಮೇಲೇ ಆಯಿತು.

ಈಗ ಹುಬ್ಬಳ್ಳಿಯಲ್ಲಿ ಅಕ್ಕ ಒಂದು ಮನೆ ಮಾರಲು ಹೊರಟಿದ್ದಾಳೆ. ನೀವಿಲ್ಲದಾಗ ಯಾರು ನೋಡ್ಕೋತಾರೆ ಅಂತ ಬ್ರೋಕರ್‌ನ ಮೊದಲೇ ಕೇಳು ಅಂದಿದ್ದೆ. ಕೇಳಿದಳಂತೆ. "ನಾನೇ ಇರ್ತೀನಲ್ರೀ ಅಕ್ಕಾರ" ಅಂದರಂತೆ. ಅವಳು ಅಷ್ಟಕ್ಕೇ ಬೀಗದ ಕೈ ಕೊಟ್ಟು ಬಂದಿದ್ದಾಳೆ.