ಕಾಣದ ಅಕ್ಷರಗಳ ಕಾಟ

ಕೋಡ್ ಬರೆಯುವವರಲ್ಲಿ ಕೈಗಡಕ್ಕೆ ನಾಚಿಕೆ ಇಲ್ಲ. ಪುಣೆಯಲ್ಲಿ ಐಟಿ ಕಂಪನಿಗಳಿರುವ ಹಿಂಜೆವಾಡಿಯ ಯಾವ ಆಫೀಸಿಗಾದರೂ ಹೋಗಿ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. "ಅರೇ, ತೋ ಕೋಡ್ ಪಾಠವ್ ನಾ" ಎಂಬ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತದೆ. ಆ ಕೋಡ್ ಕಳಿಸೋ ಮಾರಾಯ, ಅಂತ. ಕೇಳುವವನಿಗೆ ಸಂಕೋಚ ಇಲ್ಲ, ಕೊಡುವವನಿಗೆ ಬೇಜಾರಿಲ್ಲ. ಕೊಟ್ಟವನೂ ಅದನ್ನು ಬೇರೆ ಯಾರಿಂದಲೋ ತಂದಿರುತ್ತಾನೆ. ಯಾರೋ ಬರೆದರು, ಇನ್ಯಾರೋ ತಿದ್ದಿದರು, ಮತ್ಯಾರೋ ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟರು, ನಾವು ಎತ್ತಿಕೊಂಡೆವು. ಕಥೆ, ಕವಿತೆ ಬರೆಯುವವರು ಹೀಗೆ ಮಾಡಿದ್ದರೆ ಪತ್ರಿಕೆಗಳಲ್ಲಿ ಜಗಳವೇ ಆಗುತ್ತಿತ್ತು. ನಮ್ಮಲ್ಲಿ ಹಾಗಲ್ಲ. ಎಲ್ಲವನ್ನೂ ಮೊದಲಿನಿಂದ ನಾನೇ ಬರೆಯುತ್ತೇನೆ ಎಂದು ಹಟ ಹಿಡಿದವನನ್ನೇ ಮ್ಯಾನೇಜರು ಅನುಮಾನದಿಂದ ನೋಡುತ್ತಾರೆ.

ಈ ವ್ಯವಹಾರಕ್ಕೆ ಯಾರನ್ನಾದರೂ ನೆನೆದು ಕೈ ಮುಗಿಯಬೇಕಾದರೆ ಅದು ಲ್ಯಾರಿ ಟೆಸ್ಲರ್‌ಗೆ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಟಿಮ್ ಮಾಟ್ ಜೊತೆ ಸೇರಿ ಕಟ್, ಕಾಪಿ, ಪೇಸ್ಟ್‌ಗೆ ಈಗಿನ ರೂಪ ಕೊಟ್ಟವರು ಅವರು. 2020ರಲ್ಲಿ ತೀರಿಕೊಂಡರು. ನಮ್ಮೂರಿನ ಪ್ರತಿ ಕಾಲೇಜಿನ ಎದುರಿಗಿರುವ ಜೆರಾಕ್ಸ್ ಅಂಗಡಿ ನೆನಪಾದಾಗಲೆಲ್ಲ, ಕಾಪಿ-ಪೇಸ್ಟ್ ಆ ಹೆಸರಿನ ಕಂಪನಿಯಲ್ಲೇ ಹುಟ್ಟಿತಲ್ಲ ಎಂದು ನನಗೆ ಖುಷಿ.

ಆದರೆ ಕಾಪಿ ಮಾಡಿದ್ದೆಲ್ಲ ಇದ್ದ ಹಾಗೇ ಪೇಸ್ಟ್ ಆಗುತ್ತದೆ ಅಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಅಕ್ಷರಗಳು ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ತಂಟೆಯೆಲ್ಲ ಕಾಣದವುಗಳದ್ದು.

ನನ್ನ ಅಕ್ಕನ ಮಗ ಬೆಳಗಾವಿಯಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಬಂದಿದ್ದಾನೆ. ಹಾಸ್ಟೆಲ್ಲಿನಿಂದ ರಾತ್ರಿ ಹನ್ನೊಂದರ ಮೇಲೆ ಅವನ ಮೆಸೇಜು ಬರುತ್ತದೆ. "ಮಾಮಾ, ಇದ್ಯಾಕ ರನ್ ಆಗವಲ್ದು ನೋಡ್ರಿ." ಜೊತೆಗೆ ಒಂದು ಫೋಟೋ. ಸ್ಕ್ರೀನ್‌ಶಾಟ್ ಅಲ್ಲ, ಲ್ಯಾಪ್‌ಟಾಪ್ ಪರದೆಗೆ ಫೋನು ಹಿಡಿದು ತೆಗೆದ ಫೋಟೋ. ಅದರಲ್ಲಿ ಕೋಡ್‌ಗಿಂತ ಪರದೆಯ ಧೂಳು, ಹಿಂದೆ ಒಣಹಾಕಿದ ಟವೆಲ್ಲಿನ ನೆರಳು ಸ್ಪಷ್ಟವಾಗಿ ಕಾಣುತ್ತವೆ. ಈಗಿನ ಫೋನುಗಳು ಫೋಟೋದಿಂದ ಅಕ್ಷರ ಎತ್ತಿಕೊಡುತ್ತವೆ, ನಿಜ. ಆದರೆ ಸೊನ್ನೆಯನ್ನು 'ಓ' ಮಾಡುತ್ತವೆ, ಒಂದನ್ನು 'ಎಲ್' ಮಾಡುತ್ತವೆ, ಸಾಲಿನ ಮೊದಲಿನ ಖಾಲಿ ಜಾಗವನ್ನಂತೂ ನುಂಗಿಯೇ ಬಿಡುತ್ತವೆ. ಅವನು ಬರೆಯುವುದು ಪೈಥಾನ್. ಗಿಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆಯಲ್ಲಿ ಸಾಲಿನ ಮೊದಲ ಖಾಲಿ ಜಾಗಕ್ಕೇ ಅರ್ಥ ಇದೆ. ಯಾವ ಸಾಲು ಯಾವುದರ ಒಳಗೆ ಸೇರಿದ್ದು ಎನ್ನುವುದನ್ನು ಅದೇ ಹೇಳುತ್ತದೆ. ಅದು ಹೋದರೆ ಉಳಿಯುವುದು ಬರೀ ಸಾಲುಗಳ ಗುಂಪು.

"ಫೋಟೋ ಬ್ಯಾಡಪಾ, ಕೋಡ್ ಕಳಸು" ಎಂದೆ. ಕಳಿಸಿದ, ವಾಟ್ಸ್ಆ್ಯಪ್‌ನಲ್ಲಿ. ವಾಟ್ಸ್ಆ್ಯಪ್ ನಮ್ಮನ್ನು ಶುಭೋದಯ ಕಳಿಸುವವರು ಎಂದೇ ನಂಬಿದೆ. ಎರಡು ನಕ್ಷತ್ರ ಚಿಹ್ನೆಗಳ ನಡುವೆ ಪದ ಸಿಕ್ಕಿದರೆ ಚಿಹ್ನೆ ಮಾಯ, ಪದ ದಪ್ಪ. ಅಡಿಗೆರೆಗಳ ನಡುವೆ ಸಿಕ್ಕಿದರೆ ಓರೆ. ಐಫೋನಿನವರು ಕಳಿಸಿದರೆ ಇನ್ನೂ ಚೆಂದ. ನೆಟ್ಟಗಿದ್ದ ಉದ್ಧರಣ ಚಿಹ್ನೆಯನ್ನು ಅದು ಬಾಗಿಸಿ ಅಲಂಕಾರ ಮಾಡುತ್ತದೆ. ಅಕ್ಕಪಕ್ಕ ಇದ್ದ ಎರಡು ಚಿಕ್ಕ ಗೆರೆಗಳನ್ನು ಕೂಡಿಸಿ ಒಂದು ಉದ್ದ ಗೆರೆ ಮಾಡುತ್ತದೆ. ಮದುವೆ ಪತ್ರಿಕೆಗೆ ಇದೆಲ್ಲ ಒಳ್ಳೆಯದೇ. ಕಂಪ್ಯೂಟರಿಗೆ ಮಾತ್ರ ಬಾಗಿದ ಚಿಹ್ನೆ ಬೇರೆ, ನೆಟ್ಟಗಿನದು ಬೇರೆ. ಗುರುತಿಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಕೋಡ್‌ನ ಹಿಂದೆ ಮುಂದೆ ಮೂರು ಮೂರು ಹಿಮ್ಮೊಗ ಚಿಹ್ನೆ (ಬ್ಯಾಕ್‌ಟಿಕ್) ಹಾಕಿದರೆ ವಾಟ್ಸ್ಆ್ಯಪ್ ಆ ನಕ್ಷತ್ರ, ಅಡಿಗೆರೆಗಳ ಗೊಡವೆಗೆ ಹೋಗುವುದಿಲ್ಲ. ಇದನ್ನು ಹುಡುಗನಿಗೆ ಹೇಳಿಕೊಟ್ಟೆ. "ಆ ಕೀ ಎಲ್ಲೈತ್ರಿ ಮಾಮಾ" ಎಂದು ಕೇಳಿದ. ಎಸ್ಕೇಪ್ ಕೀ ಕೆಳಗೆ ಎಷ್ಟೋ ವರ್ಷದಿಂದ ಯಾರೂ ಮುಟ್ಟದೆ ಕೂತಿರುವ ಕೀ ಅದು.

ಇಂಥ ಹೊತ್ತಿನಲ್ಲಿ ಕಾಯುವುದು ಟೆಕ್ಸ್ಟ್ ಎಡಿಟರ್. ಹೊರಗಿನವರಿಗೆ ಅದು ನೋಟ್‌ಪ್ಯಾಡಿನ ಅಣ್ಣ ಅಷ್ಟೇ. ಅದರಲ್ಲಿ ನನಗೆ ಅತ್ಯಂತ ಪ್ರೀತಿಯ ಸೌಲಭ್ಯ ಬಣ್ಣವೂ ಅಲ್ಲ, ಪದ ತಾನೇ ಪೂರ್ತಿ ಮಾಡುವುದೂ ಅಲ್ಲ. ಖಾಲಿ ಜಾಗವನ್ನು ತೋರಿಸುವ ಒಂದು ಚಿಕ್ಕ ಸ್ವಿಚ್ಚು. ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಅದನ್ನು ಹಾಕಿದರೆ ಪ್ರತಿ ಸ್ಪೇಸಿನ ಜಾಗದಲ್ಲಿ ಒಂದು ಮಂಕು ಚುಕ್ಕಿ ಮೂಡುತ್ತದೆ, ಪ್ರತಿ ಟ್ಯಾಬಿನ (ಒಂದೇ ಒತ್ತಿಗೆ ಉದ್ದ ಜಾಗ ಬಿಡುವ ಅಕ್ಷರ) ಜಾಗದಲ್ಲಿ ಒಂದು ಬಾಣ. ಅಲ್ಲಿಯವರೆಗೆ ಒಂದೇ ಥರ ಕಾಣುತ್ತಿದ್ದ ಎರಡು ಸಾಲು ಬೇರೆ ಬೇರೆ ಜಾತಿಯವು ಎಂದು ಆಗ ಗೊತ್ತಾಗುತ್ತದೆ. ಒಂದರ ಮುಂದೆ ನಾಲ್ಕು ಚುಕ್ಕಿ, ಇನ್ನೊಂದರ ಮುಂದೆ ಒಂದು ಬಾಣ. ಹುಡುಗನ ಕೋಡ್ ಓಡದಿದ್ದುದಕ್ಕೆ ಕಾರಣವೂ ಅದೇ. ಅರ್ಧ ತಾನು ಬರೆದದ್ದು, ಅರ್ಧ ಗೆಳೆಯನಿಂದ ತಂದದ್ದು. ಇವನದು ಸ್ಪೇಸು, ಅವನದು ಟ್ಯಾಬು. ಹೀಗೆ ಗೊಂದಲವಾಗುವಂತೆ ಬೆರೆಸಿದರೆ ಪೈಥಾನ್ 3 ಒಪ್ಪುವುದೇ ಇಲ್ಲ.

ಟ್ಯಾಬೋ ಸ್ಪೇಸೋ ಎನ್ನುವ ಜಗಳದಲ್ಲಿ ದೊಡ್ಡವರೂ ಒಂದು ಕಡೆ ಇಲ್ಲ. ಪೈಥಾನಿನವರು ನಾಲ್ಕು ಸ್ಪೇಸು ಅನ್ನುತ್ತಾರೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಬರೆಯುವವರು ಟ್ಯಾಬು, ಅದೂ ಎಂಟು ಅಕ್ಷರ ಅಗಲದ್ದು. ಗೋ ಭಾಷೆಯವರು ಜಗಳವೇ ಬೇಡವೆಂದು ಕೋಡನ್ನು ತಾನೇ ಜೋಡಿಸಿಕೊಡುವ ಸಲಕರಣೆಯನ್ನೇ ಜೊತೆಗೆ ಕೊಟ್ಟರು. ಅದು ಟ್ಯಾಬು ಹಾಕುತ್ತದೆ, ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. 2017ರಲ್ಲಿ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ತನ್ನ ಸಮೀಕ್ಷೆಯ ಲೆಕ್ಕ ಹಾಕಿ, ಸ್ಪೇಸು ಬಳಸುವವರ ಸಂಬಳ ಟ್ಯಾಬು ಬಳಸುವವರಿಗಿಂತ ಜಾಸ್ತಿ ಎಂದು ಹೇಳಿತು. ನಮ್ಮ ಆಫೀಸಿನಲ್ಲಿ ಟ್ಯಾಬಿನವರ ಪಾಳೆಯ ಆವತ್ತು ಮಧ್ಯಾಹ್ನದ ಊಟಕ್ಕೆ ಬೇರೆ ಟೇಬಲ್ಲಿಗೆ ಹೋಯಿತು. ನಾನು ಸ್ಪೇಸಿನವನು. ಸಂಬಳದ ಮಾತು ಬೇಡ.

ಟ್ಯಾಬಿನ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಸ್ಟುವರ್ಟ್ ಫೆಲ್ಡ್‌ಮನ್ ಅವರದ್ದು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು 'ಮೇಕ್' ಎಂಬ ಸಲಕರಣೆ ಬರೆದರು. ಚೂರುಚೂರಾಗಿ ಇರುವ ಪ್ರೋಗ್ರಾಮಿನಲ್ಲಿ ಯಾವುದು ಬದಲಾಗಿದೆಯೋ ಅಷ್ಟನ್ನೇ ಮತ್ತೆ ಕಟ್ಟುವ ಸಲಕರಣೆ ಅದು. ಅದರಲ್ಲಿ ಅಪ್ಪಣೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು ಎಂಬ ನಿಯಮ ಮಾಡಿದರು. ಕೆಲವೇ ವಾರದಲ್ಲಿ ಅದು ಸರಿ ಇಲ್ಲ ಅನ್ನಿಸಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಅದನ್ನು ಬಳಸಲು ಶುರು ಮಾಡಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆ ಯಾಕೆ ಎಂದು ಬಿಟ್ಟುಬಿಟ್ಟರು. ಅಷ್ಟು ಮಂದಿಯ ದಾಕ್ಷಿಣ್ಯಕ್ಕೆ ಉಳಿದ ನಿಯಮವನ್ನು ಐವತ್ತು ವರ್ಷದಿಂದ ಜಗತ್ತು ಪಾಲಿಸುತ್ತಿದೆ. ನೆಟ್ಟಿನಿಂದ ತಂದ ಮೇಕ್‌ಫೈಲಿನಲ್ಲಿ ಟ್ಯಾಬುಗಳು ದಾರಿಯಲ್ಲೇ ಸ್ಪೇಸುಗಳಾಗಿ ಬಿಟ್ಟಿರುತ್ತವೆ. ಓಡಿಸಿದರೆ 'ಮಿಸ್ಸಿಂಗ್ ಸೆಪರೇಟರ್' ಎಂಬ ಬೈಗುಳ ಬರುತ್ತದೆ. ಏನು ಮಿಸ್ಸಿಂಗ್ ಎಂದು ಹುಡುಕಿದರೆ ಪರದೆಯ ಮೇಲೆ ಎಲ್ಲ ಇದೆ!

ಅಂಟಿಸುವಾಗಿನ ಇನ್ನೊಂದು ತಮಾಷೆ ನೋಡಬೇಕಾದರೆ ವಿಮ್ ಎಡಿಟರಿಗೆ ಹೋಗಬೇಕು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದದ್ದು. ತೆರೆದ ಕೂಡಲೇ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂಬ ಸಾಲು ತೋರಿಸುವ ಎಡಿಟರ್ ಅದು. 2023ರಲ್ಲಿ ಬ್ರಾಮ್ ತೀರಿಕೊಂಡರೂ ಆ ಮನವಿ ನಿಂತಿಲ್ಲ. ಹಳೆಯ ಟರ್ಮಿನಲ್ಲಿನಲ್ಲಿ, ಅಂದರೆ ಅಪ್ಪಣೆ ಟೈಪ್ ಮಾಡುವ ಕಿಟಕಿಯಲ್ಲಿ, ವಿಮ್ ತೆರೆದು ನೀಟಾಗಿ ಜೋಡಿಸಿದ ಕೋಡ್ ಅಂಟಿಸಿ. ಮೊದಲ ಸಾಲು ಸರಿ. ಎರಡನೆಯದು ಸ್ವಲ್ಪ ಬಲಕ್ಕೆ, ಮೂರನೆಯದು ಇನ್ನೂ ಬಲಕ್ಕೆ. ಹಾಗೇ ಪರ್ವತಿ ಗುಡ್ಡದ ಮೆಟ್ಟಿಲಿನಂತೆ ಸಾಗಿ ಕೊನೆಗೆ ಕೋಡ್ ಪರದೆಯಾಚೆ ಹೋಗಿಬಿಡುತ್ತದೆ. ವಿಮ್‌ದೇನೂ ತಪ್ಪಿಲ್ಲ ಪಾಪ. ನೀವು ಅಂಟಿಸುತ್ತಿದ್ದೀರೋ ಬೆರಳಿನಿಂದ ಒತ್ತುತ್ತಿದ್ದೀರೋ ಅದಕ್ಕೆ ಗೊತ್ತಿಲ್ಲ. ಯಾರೋ ಭಯಂಕರ ವೇಗದಲ್ಲಿ ಟೈಪ್ ಮಾಡುತ್ತಿದ್ದಾರೆ ಅಂದುಕೊಂಡು, ಉಪಕಾರ ಮಾಡಲೆಂದು ಪ್ರತಿ ಹೊಸ ಸಾಲಿಗೂ ತಾನೇ ಸ್ಪೇಸು ಕೊಡುತ್ತದೆ. ಅಂಟಿಸಿದ ಕೋಡ್ ತನ್ನ ಸ್ಪೇಸು ತಾನು ತಂದಿರುತ್ತದೆ. ಎರಡೂ ಕೂಡುತ್ತ ಹೋಗುತ್ತವೆ. 'ಸೆಟ್ ಪೇಸ್ಟ್' ಎಂದು ಮೊದಲೇ ಹೇಳಿದರೆ ಉಪಕಾರ ನಿಲ್ಲಿಸುತ್ತದೆ. ಈಗಿನ ಟರ್ಮಿನಲ್ಲುಗಳು ಇದು ಅಂಟಿಸಿದ್ದು ಎಂದು ತಾವೇ ಗುರುತು ಹಾಕಿ ಕಳಿಸುವುದರಿಂದ ಹೊಸ ಹುಡುಗರು ಈ ಮೆಟ್ಟಿಲು ಕಂಡಿರುವುದು ಕಡಿಮೆ.

ಖಾಲಿ ಜಾಗ ಒಮ್ಮೆ ಇಡೀ ಊರನ್ನೇ ನಿಲ್ಲಿಸಿದ್ದೂ ಉಂಟು. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಹೆಸರಿನ ತಕರಾರಿನಿಂದ ಬೇಸತ್ತು, ಎನ್‌ಪಿಎಂ ಎಂಬ ಕೋಡ್ ಭಂಡಾರದಿಂದ ತನ್ನದೆಲ್ಲವನ್ನೂ ವಾಪಸು ತೆಗೆದುಕೊಂಡ. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ತುಣುಕೂ ಇತ್ತು. ಅದರ ಕೆಲಸ ಏನು? ಪದದ ಎಡಕ್ಕೆ ಬೇಕಾದಷ್ಟು ಖಾಲಿ ಜಾಗ ತುಂಬುವುದು. ಅಷ್ಟೇ. ಅದನ್ನು ಯಾರೋ ಬಳಸಿದ್ದರು, ಅವರದ್ದನ್ನು ಇನ್ಯಾರೋ. ಎಲ್ಲೆಲ್ಲೋ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್, ಅಂದರೆ ಕೋಡ್ ಕಟ್ಟುವ ಕೆಲಸ, ನಿಂತುಹೋಯಿತು. ತಮ್ಮ ಕೋಡ್‌ನಲ್ಲಿ ಅದು ಇದೆ ಎಂದೇ ಬಹಳ ಮಂದಿಗೆ ಗೊತ್ತಿರಲಿಲ್ಲ. ಎನ್‌ಪಿಎಂನವರು ಆ ತುಣುಕನ್ನು ಮತ್ತೆ ತಂದು ಕೂರಿಸಬೇಕಾಯಿತು. 11 ಸಾಲು ಯಾರು ಬೇಕಾದರೂ ಬರೆಯಬಹುದಿತ್ತಲ್ಲ ಎಂದು ಆಗ ಎಲ್ಲರೂ ನಕ್ಕರು. ನನಗೇನೋ ಆ ನಗು ಸರಿ ಕಾಣಲಿಲ್ಲ. ಕೈಗಡ ಬೇಡ ಎಂದರೆ ಈ ಊರಲ್ಲಿ ಯಾರ ಒಲೆಯೂ ಹೊತ್ತುವುದಿಲ್ಲ.

ಕಾಣದ ಅಕ್ಷರದಿಂದ ಮೋಸವನ್ನೂ ಮಾಡಬಹುದು. ಅರೇಬಿಕ್, ಹೀಬ್ರೂ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳು. ಅವುಗಳಿಗಾಗಿ ದಿಕ್ಕು ತಿರುಗಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಎಲ್ಲ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿವೆ. ಅವನ್ನು ಕೋಡ್ ಒಳಗೆ ತೂರಿಸಿದರೆ ಓದುವವನಿಗೆ ಕಾಣುವ ಕ್ರಮವೇ ಬೇರೆ, ಕಂಪ್ಯೂಟರ್ ಓದುವ ಕ್ರಮವೇ ಬೇರೆ ಎಂದು 2021ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆ್ಯಂಡರ್ಸನ್ ತೋರಿಸಿಕೊಟ್ಟರು. ಆಮೇಲೆ ಎಡಿಟರುಗಳು ಇಂಥ ಅಕ್ಷರದ ಸುತ್ತ ಚೌಕ ಹಾಕಿ ಹುಷಾರ್ ಎನ್ನತೊಡಗಿದವು.

ನಮ್ಮ ಕನ್ನಡಕ್ಕೂ ಕಾಣದ ಅಕ್ಷರ ಬೇಕು, ಅಲ್ವಾ? 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಒಂದು ಕಾಣದ ತಡೆ ಹಾಕದಿದ್ದರೆ ವೇ ಒತ್ತಾಗಿ ಕೆಳಗಿಳಿದು 'ಸಾಫ್ಟ್ವೇರ್' ಆಗುತ್ತದೆ. ಇದು ಹೊಸ ಪೀಡೆಯಲ್ಲ. ಭಾರತದ ಲಿಪಿಗಳನ್ನು ಕಂಪ್ಯೂಟರಿಗೆ ತರಲು ನಮ್ಮ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬಹಳ ಕೆಲಸ ಮಾಡಿದೆ. 1991ರ ಇಸ್ಕಿ ಸಂಕೇತದಲ್ಲಿ ಇದೇ ಕೆಲಸಕ್ಕೆ ಹಲಂತವನ್ನು ಎರಡು ಸಲ ಹಾಕಬೇಕಿತ್ತು. ಈಗ ನಾವು ಬಳಸುವ ಕೀಲಿಮಣೆ ವಿನ್ಯಾಸವನ್ನು ಕೆ.ಪಿ. ರಾವ್ ಯಾರಿಂದಲೂ ಕಾಸು ಕೇಳದೆ ಕನ್ನಡಿಗರಿಗೆ ಬಿಟ್ಟುಕೊಟ್ಟರು. ಕೋಡ್ ಹಂಚಿಕೊಳ್ಳುವವರ ಸಾಲಿನಲ್ಲಿ ಅವರಿಗೂ ಒಂದು ಕುರ್ಚಿ ಹಾಕಬೇಕು.

ಹೋದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದ ಊಟದ ಕೂಪನ್ ಪಟ್ಟಿ ನನ್ನ ಕೈಗೆ ಬಂತು. ಹೆಸರುಗಳೆಲ್ಲ ವಾಟ್ಸ್ಆ್ಯಪ್‌ನಿಂದ ಎತ್ತಿ ತುಂಬಿದ್ದು. ಒಂದೇ ಹೆಸರು ಎರಡು ಸಲ ಬಂದಿದ್ದರೆ ತೆಗೆಯುವ ಅಪ್ಪಣೆ ಕೊಟ್ಟರೂ 'ರಾಜ್‌ಕುಮಾರ್' ಎರಡು ಕಡೆ ಉಳಿದುಕೊಂಡರು. ಅಕ್ಷರ ಅಕ್ಷರ ಹೋಲಿಸಿದರೂ ವ್ಯತ್ಯಾಸ ಇಲ್ಲ. ಎಡಿಟರಿನಲ್ಲಿ ತೆರೆದು ಬಾಣದ ಕೀ ಒತ್ತುತ್ತ ಹೋದೆ. ಒಂದು ಹೆಸರಿನ ಕೊನೆಯಲ್ಲಿ ಕರ್ಸರು ಒಂದು ಸಲ ಅಲ್ಲೇ ನಿಂತು ಆಮೇಲೆ ಮುಂದೆ ಹೋಯಿತು. ಅಲ್ಲಿತ್ತು ಅದು. 'ರಾಜ್‌ಕುಮಾರ್‌ಗೆ ಎರಡು ಟಿಕೆಟ್' ಎಂಬ ಮೆಸೇಜಿನಿಂದ ಯಾರೋ ಹೆಸರು ಎತ್ತಿ 'ಗೆ' ಅಳಿಸಿದ್ದರು. 'ಗೆ'ಗೆ ಅಡ್ಡ ನಿಂತಿದ್ದ ಕಾಣದ ತಡೆ ಹಾಗೇ ಉಳಿದಿತ್ತು. ಸಾಲಿನ ಕೊನೆಯ ತಡೆಗಳನ್ನಷ್ಟೇ ಹುಡುಕಿ ಅಳಿಸು ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಮಾದರಿ) ಬರೆದರೆ ಇಡೀ ಪಟ್ಟಿ ಚಿಟಿಕೆಯಲ್ಲಿ ಶುದ್ಧ. ಎಲ್ಲವನ್ನೂ ಅಳಿಸಿಬಿಟ್ಟಿದ್ದರೆ ಅವರು 'ರಾಜ್ಕುಮಾರ್' ಆಗಿ, ನಾನು ಅವರ ಮನೆಯವರ ಸಿಟ್ಟಿಗೆ ಗುರಿಯಾಗುತ್ತಿದ್ದೆ.

ಅಷ್ಟರಲ್ಲಿ ಕೂಪನ್ನುಗಳು ಪ್ರಿಂಟಿಗೆ ಹೋಗಿಯಾಗಿತ್ತು. ಬಾಗಿಲಲ್ಲಿ ಕೂತಿದ್ದ ಅಕ್ಕನವರು "ನಿಮ್ಮ ಹೆಸರಿಗೆ ಡಬಲ್ ಬಂದಾವ್ರಿ, ಒಂದು ವಾಪಸ್ ಕೊಡ್ರಿ" ಎಂದರು. ರಾಜ್‌ಕುಮಾರ್ ಎರಡೂ ಕೂಪನ್ ಕಿಸೆಗೆ ಹಾಕಿಕೊಂಡು, "ಕಂಪ್ಯೂಟರ್ ಇಬ್ರೂ ಬ್ಯಾರೆ ಅಂದೈತಿ ಅಲ್ರಿ ಅಕ್ಕಾರ" ಎನ್ನುತ್ತ ಹೋಳಿಗೆಯ ಸಾಲಿಗೆ ಹೋಗಿ ನಿಂತರು.