ಕೇಳಿಸಿದ್ದು ಒಂದು ಜೊತೆ, ಕಳಿಸಿದ್ದು ಇನ್ನೊಂದು

ಹಳೆ ಆಡಿಯೋ ಸಾಮಾನಿನ ಡೀಲರ್‌ಗಳಲ್ಲಿ ಕೆಲವರಿಗೆ ಎರಡು ನಾಲಿಗೆ. ನಮ್ಮಿಂದ ತಗೊಳ್ಳುವಾಗ ಒಂದು, ನಮಗೆ ಕೊಡುವಾಗ ಇನ್ನೊಂದು. ಬೆಂಗಳೂರಿನಲ್ಲಿ ಅಂಥ ಒಬ್ಬರ ಜೊತೆ ಮಾಡಿದ ಎಕ್ಸ್‌ಚೇಂಜ್ ವ್ಯವಹಾರ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಹತ್ತಿರ ಸ್ಯಾನ್ಸುಯಿ ಕಂಪನಿಯ ಒಂದು ಆಂಪ್ಲಿಫೈಯರ್ ಇತ್ತು. ಮಾವ ಸೌದಿಯಿಂದ ತಂದದ್ದು. ಹಿಂಭಾಗದಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಸೆಟ್ಟು. ಆಗ ಸೌದಿಯ ಮನೆಗಳಲ್ಲಿ 127 ವೋಲ್ಟ್, ನಮ್ಮಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು, ಅದಕ್ಕೇ ಆ ಸ್ವಿಚ್. ಕರಾವಳಿಯಲ್ಲಿ ಗಲ್ಫ್‌ಗೆ ಹೋಗಿ ಬಂದವರ ಮನೆಗಳಲ್ಲಿ ಇಂಥವು ಇನ್ನೂ ಸಿಗುತ್ತವೆ. ಚೆನ್ನಾಗಿಯೇ ಹಾಡುತ್ತಿತ್ತು. ಇದನ್ನು ಕೊಟ್ಟು, ಮೇಲೆ ದುಡ್ಡು ಹಾಕಿ, ಒಂದು ಜೊತೆ ಒಳ್ಳೆ ಸ್ಪೀಕರ್ ತಗೊಳ್ಳೋಣ ಅಂತ ಹೋದೆ.

ಅಂಗಡಿಯಲ್ಲಿ ವಾಲ್ಯೂಮ್ ತಿರುಗಿಸಿದಾಗ ಆಂಪ್ಲಿಫೈಯರ್ ಸ್ವಲ್ಪ ಗರಗರ ಅಂದಿತು. 'ಕಂಟ್ರೋಲ್ ಹೋಗಿದೆ ಸಾರ್' ಅಂದರು ಡೀಲರ್. ಧೂಳು ಕೂತರೆ ಹಾಗಾಗುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ತಿರುಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಅದು ಅವರಿಗೆ ಗೊತ್ತಿಲ್ಲವಾ? ಆಮೇಲೆ, 'ಹಳೇ ಪೀಸು, ಕೆಪಾಸಿಟರ್ ಎಲ್ಲ ಒಣಗಿರುತ್ತೆ, ಎಲ್ಲಾ ಬದಲಾಯಿಸ್ಬೇಕು' ಅಂದರು. ಮುಚ್ಚಳ ಬಿಚ್ಚಲಿಲ್ಲ, ಮೀಟರ್ ಹಿಡಿಯಲಿಲ್ಲ. ವಿದ್ಯುತ್ ಹಿಡಿದಿಡುವ, ಒಳಗೆ ದ್ರವ ಇರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ವರ್ಷ ಕಳೆದಂತೆ ಒಣಗುವುದು ನಿಜ. ಆದರೆ ಒಳಗೆ ನೋಡಿ ಹೇಳಬೇಕು ಅಲ್ವಾ? ಕೊನೆಗೆ 9,000ಕ್ಕೆ ಹಿಡಿದರು. ಸ್ಪೀಕರ್‌ಗೆ 32,000. ನಾನು 23,000 ಎಣಿಸಿ ಕೊಟ್ಟೆ.

ಸ್ವಲ್ಪ ದಿನಕ್ಕೆ ಅದೇ ಆಂಪ್ಲಿಫೈಯರ್ ಅವರ ಮಾರಾಟದ ಫೋಟೋದಲ್ಲಿ ಕಂಡಿತು. ಎಡ ಮೂಲೆಯಲ್ಲಿ ನಮ್ಮನೆಯ ಗೀರು ಹಾಗೇ ಇದೆ. ಬೆಲೆ 38,000. 'ಮಿಂಟ್ ಕಂಡೀಷನ್, ಒಳಗೆ ಯಾರೂ ಕೈ ಹಾಕಿಲ್ಲ, ಎಲ್ಲಾ ಒರಿಜಿನಲ್ ಕೆಪಾಸಿಟರ್' ಅಂತ ಬರೆದಿದ್ದಾರೆ! ನನ್ನ ಕೈಯಲ್ಲಿದ್ದಾಗ ಒಣಗಿದ್ದ ಕೆಪಾಸಿಟರ್, ಅವರ ಕೈಗೆ ಹೋದ ಮೇಲೆ ಒರಿಜಿನಲ್ ಆಯಿತು.

ಲಾಭ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಅಂಗಡಿ ಬಾಡಿಗೆ ಇದೆ, ಮೆಕ್ಯಾನಿಕ್ ಸಂಬಳ ಇದೆ, ಮಾಲು ತಿಂಗಳುಗಟ್ಟಲೆ ಕೂತಿರುತ್ತದೆ. ಒಪ್ಪುತ್ತೇನೆ. ಸುಳ್ಳು ಹೇಳಿ ಯಾಕೆ ಮಾಡಬೇಕು?

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಸ್ಪೀಕರ್ ವಿಷಯ ನುಂಗೋಕೆ ಆಗುತ್ತಿಲ್ಲ.

ಅಂಗಡಿಯಲ್ಲಿ ಗ್ರಿಲ್ ತೆಗೆಸಿ ನೋಡಿದ್ದೆ. 10 ಇಂಚಿನ ವೂಫರ್, ಅಂದರೆ ಬಾಸ್ ಸದ್ದು ಕೊಡುವ ದೊಡ್ಡ ಭಾಗ. ಅಲುಗಾಡಿ ಸದ್ದು ಹುಟ್ಟಿಸುವ ಕೋನ್ ಸುತ್ತ ಇರುವ ಫೋಮ್ ಹೊಸದು. ಹದಿನೈದು ಇಪ್ಪತ್ತು ವರ್ಷಕ್ಕೆ ಈ ಫೋಮ್ ಪುಡಿಪುಡಿಯಾಗುತ್ತದೆ, ತೇವ ಇರುವ ಕಡೆ ಇನ್ನೂ ಬೇಗ. ಹಾಗಾಗಿ ಹಳೆ ಸ್ಪೀಕರ್‌ನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಕೋನನ್ನು ಮೆಲ್ಲಗೆ ಒತ್ತಿ ನೋಡಿದೆ, ಎಲ್ಲೂ ಉಜ್ಜುವ ಸದ್ದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನೇ ಹಾಕಿಸಿ ಕೇಳಿದೆ. ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆದೆ. 'ಪ್ಯಾಕ್ ಮಾಡಿ ಕಳಿಸ್ತೀವಿ, ಬಿಲ್ಲೂ ಜೊತೆಗೇ ಬರುತ್ತೆ' ಅಂದರು.

ಬಿಲ್ ಬರಲಿಲ್ಲ. ಸ್ಪೀಕರ್ ಬಂದವು, ಸೀರಿಯಲ್ ನಂಬರ್ ಬೇರೆ. ಒಂದರ ಫೋಮ್ ಸೀಳು ಬಿಟ್ಟಿದೆ. ಇನ್ನೊಂದರ ಕೋನ್ ಒತ್ತಿದರೆ ಒಳಗೆ ಅದನ್ನು ಅಲುಗಾಡಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್, ಕೆರೆಯುತ್ತದೆ. ಸಣ್ಣ ದನಿ ಕೊಡುವ ಚಿಕ್ಕ ಭಾಗ, ಟ್ವೀಟರ್ ಅಂತೂ ಕಂಪನಿಯದೇ ಅಲ್ಲ, ಯಾವುದೋ ಅಗ್ಗದ್ದನ್ನು ತಂದು ಕೂರಿಸಿದ್ದಾರೆ. ಹಾಡು ಹಾಕಿದರೆ ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ.

ಫೋನ್ ಮಾಡಿದರೆ, 'ಮಾಡೆಲ್ ಒಂದೇ ಅಲ್ವಾ ಸಾರ್? ಗೋಡೌನಿಂದ ಹುಡುಗ್ರು ಹಾಕಿರ್ಬೇಕು' ಅಂತಾರೆ. ಬದಲಾಯಿಸಿ ಕೊಡಿ ಅಂದರೆ, ಆ ಜೊತೆ ಮಾರಾಟ ಆಯಿತಂತೆ. ಹಾಗಾದರೆ ನನ್ನ ಆಂಪ್ಲಿಫೈಯರ್, ನನ್ನ ದುಡ್ಡು ವಾಪಸ್ ಕೊಡಿ ಅಂದೆ. ಅದೂ ಹೋಗಿದೆಯಂತೆ. 'ಸೆಕೆಂಡ್ ಹ್ಯಾಂಡ್ ಮಾಲಿಗೆ ಗ್ಯಾರಂಟಿ ಇರಲ್ಲ ಸಾರ್.' ಗ್ಯಾರಂಟಿ ಯಾರು ಕೇಳಿದರು ಇವರನ್ನು? ನಾನು ನೋಡಿ, ಕೇಳಿ, ದುಡ್ಡು ಕೊಟ್ಟ ವಸ್ತುವನ್ನೇ ಕೊಡಿ ಅಂತ ತಾನೇ ಕೇಳುತ್ತಿರುವುದು!

ಬಿಲ್ ಕೇಳಿದ್ದಕ್ಕೆ ಇನ್ನೊಂದು ಕಥೆ. ಇಡೀ ಬೆಲೆ ಮೇಲೆ 18% ಜಿಎಸ್‌ಟಿ ಬೀಳುತ್ತೆ, ನಿಮಗೇ ನಷ್ಟ ಅಂದರು. ಹಳೆ ಸಾಮಾನು ಕೊಂಡು ಮಾರುವವರಿಗೆ, ಕೊಳ್ಳುವಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಂಡಿಲ್ಲದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ದಾರಿ ನಿಯಮದಲ್ಲೇ ಇದೆ. ಈ ವ್ಯಾಪಾರದಲ್ಲೇ ಇರುವವರಿಗೆ ಇದು ಗೊತ್ತಿರದೆ ಇರುತ್ತದಾ? ಮಾರಿದ ವಸ್ತುವಿಗೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನ್ಯಾಯದ ವ್ಯಾಪಾರ ಪದ್ಧತಿ.

ನೇರವಾಗಿ ಮಾಲೀಕರಿಂದಲೇ ಕೊಂಡರೆ ಕಡಿಮೆಗೆ ಸಿಗುತ್ತದೆ. ಆದರೂ ಡೀಲರ್ ಹತ್ತಿರ ಯಾಕೆ ಹೋಗುತ್ತೇವೆ? ಗೊತ್ತಿರುವವರು ಒಬ್ಬರು ಪರೀಕ್ಷೆ ಮಾಡಿರುತ್ತಾರೆ ಅನ್ನುವ ನಂಬಿಕೆಗೆ. ಜಾಸ್ತಿ ದುಡ್ಡು ಕೊಡುವುದು ಆ ನಂಬಿಕೆಗೇ. ಈಗ ಎಷ್ಟೋ ಹುಡುಗ ಹುಡುಗಿಯರು ಮೊದಲ ಸಂಬಳದಲ್ಲಿ ರೆಕಾರ್ಡ್ ಹಾಕುವ ಹಳೆ ಟರ್ನ್‌ಟೇಬಲ್ ಹುಡುಕುತ್ತಿದ್ದಾರೆ. ರೆಕಾರ್ಡ್ ಮೇಲೆ ಓಡುವ ಮುಳ್ಳು, ಅಂದರೆ ಸ್ಟೈಲಸ್, ಸವೆದಿದೆಯಾ ಅಂತ ಬರಿಗಣ್ಣಿಗೆ ಕಾಣುವುದಿಲ್ಲ, ಸವೆದದ್ದು ರೆಕಾರ್ಡನ್ನೇ ಹಾಳು ಮಾಡುತ್ತದೆ. ಅವರು ಡೀಲರ್ ಮಾತನ್ನೇ ನಂಬಬೇಕು. ಅವರಿಗೂ ಹೀಗೇ ಆದರೆ?

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಸೀರಿಯಲ್ ನಂಬರಿನ ಫೋಟೋ ಇದೆ, ದುಡ್ಡು ತಗೊಂಡಿದ್ದು ಒಪ್ಪಿಕೊಂಡ ಮೆಸೇಜ್ ಇದೆ. ಇಷ್ಟಕ್ಕೆ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ನಾನು ಆರಿಸಿದ ಜೊತೆಯನ್ನು ಎಲ್ಲಿಂದಾದರೂ ತಂದು ಕೊಡಲಿ. ಇಲ್ಲದಿದ್ದರೆ ಪೂರ್ತಿ 32,000 ವಾಪಸ್ ಕೊಡಲಿ.